ಮುಟ್ಟದೆ ಬಿದ್ದ ಚುಕ್ಕಿ

ಹನ್ನೊಂದು ಪುಟ ಮಾಯವಾಗಿದ್ದವು.

ಊರ ಹಿರಿಯರು ಹೇಳಿದ ನೆನಪುಗಳನ್ನು ಗ್ರಂಥಪಾಲಕಿ ಒಂದು ವರ್ಷದಿಂದ ಗ್ರಂಥಾಲಯದ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿಡುತ್ತಿದ್ದರು. ಆ ಬೆಳಗ್ಗೆ ಮುದಿ ನೇಕಾರ್ತಿಯೊಬ್ಬಳ ಕಥೆ ಅವರ ಕಣ್ಣೆದುರೇ ತಾನಾಗಿ ಪೂರ್ತಿ ಆಯ್ಕೆಯಾಗಿ ನೀಲಿಗೆ ತಿರುಗಿತು. ಮುಂದಿನ ಅಕ್ಷರ ಒತ್ತಿದರು, ಅಷ್ಟೇ. ಪುಟಗಳೆಲ್ಲ ಬಿಳಿ! ಗಾಬರಿಯಲ್ಲಿ ಕಡತವನ್ನು ಹಾಗೆಯೇ ಉಳಿಸಿ ಮುಚ್ಚಿಬಿಟ್ಟರು. ಮತ್ತೊಮ್ಮೆ ಕೇಳಿ ಬರೆಯೋಣವೆಂದರೆ ಆ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು.

ಮೊದಲ ಫೋನು ಹೋದದ್ದು ಊರ ಶಾಲೆಯ ಗಣಿತದ ಮೇಷ್ಟ್ರಿಗೆ. ಆ ಯಂತ್ರದಲ್ಲಿದ್ದದ್ದು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ. ಅದರ ಟಚ್‌ಪ್ಯಾಡಿಗೆ ಅವರೇ ಎರಡು ವರ್ಷ ಕೂತು ಹೊಸ ಡ್ರೈವರ್ ಬರೆದಿದ್ದರು. ಬೆರಳಿನ ಮಾತನ್ನು ಯಂತ್ರಕ್ಕೆ ತಿಳಿಸುವ ದುಭಾಷಿ ಅದು. ಗ್ರಂಥಾಲಯದಲ್ಲಿ ಅದರ ಪರೀಕ್ಷೆ ಶುರುವಾಗಿ ಒಂಬತ್ತು ದಿನ. ಸಂಜೆ ನಾಲ್ಕಕ್ಕೆ ಸಿಸ್ಟಂನ ಹೊಸ ಆವೃತ್ತಿ ಅಂತಿಮವಾಗಬೇಕಿತ್ತು.

ಆ ಸಿಸ್ಟಂ ಕಟ್ಟುವ ಬಳಗದ ಮುಖ್ಯಸ್ಥನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು. ಆತ ಫೋನಿನಲ್ಲಿ ಕಡ್ಡಿ ತುಂಡು ಮಾಡಿದಂತೆ ಹೇಳಿದ: "ಜನರ ಬರಹ ನುಂಗೋ ಡ್ರೈವರ್ ನಮಗೆ ಬೇಡ. ನಾಲ್ಕರೊಳಗೆ ಕಾರಣ ಸಿಗದಿದ್ರೆ ತೆಗೆದುಹಾಕ್ತೀನಿ."

ಮೇಷ್ಟ್ರು ಅತ್ತೆಯನ್ನು ಕರೆದುಕೊಂಡು ಹೋದರು.

ಹೆಂಡತಿಯ ತಾಯಿ. ಮೂವತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ. ಈಗ ಬಳಗದಲ್ಲಿ ಪರೀಕ್ಷಕಿ. ಒಂಟಿಕಾಲಲ್ಲಿ ಕಾಯುವ ಹಕ್ಕಿಯಂಥ ತಾಳ್ಮೆಗೆ ಕೊಕ್ಕರೆ ಎಂದೇ ಹೆಸರು. ಅಳಿಯನ ತಪ್ಪು ಎಂಬ ಕಾರಣಕ್ಕೆ ಒಂದು ತಪ್ಪನ್ನೂ ಅವರು ಬಿಟ್ಟವರಲ್ಲ.

"ತಪ್ಪು ನಿಮ್ಮದೇ ಆಗಿದ್ರೆ ನಿಮ್ಮದೇ ಅಂತೀನಿ, ಅಳಿಯಂದ್ರೇ," ಎಂದರು ದಾರಿಯಲ್ಲೇ.

"ಅದಕ್ಕೇ ನಿಮ್ಮನ್ನ ಕರೆದದ್ದು, ಅತ್ತೆ."

ಗ್ರಂಥಪಾಲಕಿ ಬಾಗಿಲಲ್ಲೇ ಎದುರಾದರು. ಕಣ್ಣು ಕೆಂಪಾಗಿತ್ತು.

"ಅಂಗೈ ಏನಾದ್ರೂ ತಾಗಿತ್ತಾ, ತಾಯಿ?" ಅತ್ತೆ ಕೇಳಿದರು.

"ಇಲ್ಲ. ಹತ್ತು ವರ್ಷದಿಂದ ಟೈಪು ಮಾಡ್ತಿದೀನಿ."

"ಬೇರೆ ಯಾರಾದ್ರೂ ಮುಟ್ತಾರಾ?"

"ಇದನ್ನ ಇಡೋ ಕಪಾಟಿನ ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

"ಆಗ ಚಾರ್ಜರ್ ಹಾಕಿತ್ತಾ?"

"ಹಾಕಿತ್ತು."

ಕರೆಂಟಿನ ಅನುಮಾನವೂ ಬೇಡವೆಂದು ಅತ್ತೆ ಚಾರ್ಜರ್ ಕಿತ್ತರು. ಸ್ಪರ್ಶವನ್ನು ಚುಕ್ಕಿಯಾಗಿ ತೋರಿಸುವ ಪರದೆ ತೆರೆಸಿದರು. "ಎಲ್ಲರೂ ದೂರ ನಿಲ್ಲಿ. ಯಾರೂ ಮುಟ್ಟಬೇಡಿ."

ನಿಂತರು. ಐದು ನಿಮಿಷ. ಹತ್ತು—

ಬಲಗಡೆ ಕೆಳಮೂಲೆಯಲ್ಲಿ ಒಂದು ಚುಕ್ಕಿ ಮೂಡಿತು!

ಮುಟ್ಟಿದವರು ಯಾರು? ಯಾರೂ ಇಲ್ಲ. ಅತ್ತೆ ಚೀಟಿಯಲ್ಲಿ ಗಂಟೆ ಬರೆದುಕೊಂಡರು, ಅಷ್ಟೇ. ಆಮೇಲೆ ಹಳೇ ಡ್ರೈವರ್ ಹಾಕಿಸಿ ಮತ್ತೆ ಕಾದರು. ಅರ್ಧ ಗಂಟೆ ಕಳೆಯಿತು. ಒಂದು ಚುಕ್ಕಿಯೂ ಇಲ್ಲ.

"ಇನ್ನೇನು ಬೇಕು?" ಫೋನಿನಲ್ಲಿ ಯಜಮಾನ ಗುಡುಗಿದ. "ಕಳ್ಳ ಸಿಕ್ಕಿಬಿದ್ದ ಹಾಗಾಯ್ತಲ್ಲ!"

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. "ಅವರು ಹೇಳೋದು ಸರಿ, ಅತ್ತೆ. ಬಿಟ್ಟುಬಿಡೋಣ."

"ಇನ್ನೂ ಎರಡೂವರೆ ಗಂಟೆ ಇದೆ," ಎಂದರು ಅತ್ತೆ. ಹೊಸ ಡ್ರೈವರನ್ನೇ ಮತ್ತೆ ಹಾಕಿಸಿದರು. ಆರು ಸಲ ಚುಕ್ಕಿ ಬಿತ್ತು. ಆರೂ ಸಲ ಅದೇ ಮೂಲೆ, ಅದೇ ಜಾಗ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. "ಇದೇ ಮಾದರಿಯ ಬೇರೆ ಯಂತ್ರಗಳಲ್ಲಿ?"

"ಏಳರಲ್ಲಿ ಪರೀಕ್ಷೆ ಮಾಡಿದೀನಿ. ಒಂದ್ರಲ್ಲೂ ಹೀಗಾಗಿಲ್ಲ."

ಬೆಳಕು ಸಾಲದೆಂದು ಅತ್ತೆ ಯಂತ್ರವನ್ನು ಕಿಟಕಿ ಪಕ್ಕದ ಕಲ್ಲಿನ ಕಟ್ಟೆಗೆ ಒಯ್ಯಲು ಹೇಳಿದರು. ಗ್ರಂಥಪಾಲಕಿ ಒಯ್ದಿಟ್ಟರು. ಮೇಜಿನ ಮೇಲಿದ್ದ ಮಡಿಸಿದ ರಟ್ಟಿನ ಚೂರನ್ನೂ ತಂದು ಯಂತ್ರದ ಮೂಲೆಯಡಿ ತುರುಕಿದರು.

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಅದು ಯಾಕಮ್ಮ?"

"ಮೇಜು ಓರೆ. ಟೈಪು ಮಾಡಿದ್ರೆ ಅಲುಗುತ್ತೆ."

"ಇದು ಕಲ್ಲು. ಇದೂ ಓರೆನಾ?"

ಗ್ರಂಥಪಾಲಕಿ ರಟ್ಟನ್ನು ನೋಡಿದರು, ಕಲ್ಲನ್ನು ನೋಡಿದರು.

"ಈ ರಟ್ಟು ಇಡೋಕೆ ಶುರು ಮಾಡಿ ಎಷ್ಟು ದಿನವಾಯ್ತು?"

"ಎರಡು ತಿಂಗಳು... ಹೆಚ್ಚೇ ಆಗಿರಬೇಕು."

"ಡ್ರೈವರ್ ಬಂದು ಒಂಬತ್ತೇ ದಿನ," ಎಂದರು ಅತ್ತೆ ಮೆಲ್ಲಗೆ.

ಯಂತ್ರವನ್ನು ಆರಿಸಿ ಬೋರಲು ಹಾಕಿ, ಬೆನ್ನಿನ ಮೇಲೆ ಉಕ್ಕಿನ ಅಡಿಕೋಲು ಇಟ್ಟರು. ಅದು ಏತದಂತೆ ಆ ಕಡೆ ಈ ಕಡೆ ತೂಗಿತು! ಸೀರೆಯ ಸೊಂಟದ ಚೀಲದಿಂದ ಗಡಿಯಾರದ ಸ್ಕ್ರೂಡ್ರೈವರ್ ಹೊರಬಂತು. ಹತ್ತು ತಿರುಪು, ಒಂದೂ ಕೆಳಗೆ ಬೀಳಲಿಲ್ಲ. ಮುಚ್ಚಳ ಎದ್ದಿತು.

ಒಳಗೆ ಬ್ಯಾಟರಿ ದಿಂಬಿನಂತೆ ಊದಿಕೊಂಡಿತ್ತು.

"ಇವನೇ ಕಳ್ಳ," ಎಂದರು ಅತ್ತೆ. "ಹಿಂದೆ ಸರೀರಿ, ಚುಚ್ಚಿದ್ರೆ ಬೆಂಕಿ." ಮೆತ್ತಗೆ ಬಿಡಿಸಿ, ಅಂಗಳದಲ್ಲಿದ್ದ ಮರಳಿನ ಬಕೆಟ್ಟಿಗೆ ತಾವೇ ಒಯ್ದು ಇಳಿಸಿ ಬಂದರು.

"ಬ್ಯಾಟರಿ ಇರೋದು ಟಚ್‌ಪ್ಯಾಡಿನ ಅಡಿಯಲ್ಲೇ. ಊದಿ ಕೆಳಗಿನಿಂದ ಅದೇ ಮೂಲೆ ಒತ್ತುತ್ತಿತ್ತು. ಆ ಒತ್ತಡವೇ ಚುಕ್ಕಿ. ಅದೇ ಪುಟಗಳನ್ನ ನೀಲಿ ಮಾಡಿದ್ದು," ಎಂದು ಅತ್ತೆ ಯಜಮಾನನಿಗೆ ಫೋನಿನಲ್ಲಿ ತಿಳಿಸಿದರು.

"ಹಾಗಾದ್ರೆ ಹಳೇ ಡ್ರೈವರಿನಲ್ಲಿ ಯಾಕೆ ಬರಲಿಲ್ಲ?" ಯಜಮಾನ ಬಿಡಲಿಲ್ಲ.

"ಅದಕ್ಕೆ ಅರೆಕಿವುಡಪ್ಪ. ಓಡಾಡೋ ಬೆರಳು ಬಿಟ್ರೆ ಬೇರೇನೂ ಕೇಳಿಸ್ಕೊಳ್ಳಲ್ಲ. ಇವರದ್ದು ಸಣ್ಣ ಒತ್ತನ್ನೂ ಕೇಳಿಸ್ಕೊಳ್ಳುತ್ತೆ. ಕಂಡಿದ್ದನ್ನ ಕಂಡ ಹಾಗೆ ಹೇಳಿದ ಸಾಕ್ಷಿಯನ್ನೇ ನಾವು ಕಳ್ಳ ಅಂತ ಹಿಡಿದ್ವಿ."

ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಬ್ಯಾಟರಿಯಿಲ್ಲದೆ ಬರೀ ಚಾರ್ಜರಿನಲ್ಲಿ ಯಂತ್ರ ನಡೆಸಿ, ಹೊಸ ಡ್ರೈವರಿನೊಂದಿಗೆ ಒಂದು ಗಂಟೆ ಕಾದರು. ಪರದೆ ತಿಳಿಕೊಳದಂತೆ ಖಾಲಿ. ಆ ಹೊತ್ತಿನಲ್ಲಿ ಮೇಷ್ಟ್ರು ಸಿಸ್ಟಂ ತಾನಾಗಿ ತೆಗೆದಿಟ್ಟ ಹಳೆಯ ನಕಲುಗಳನ್ನು ಜಾಲಾಡಿ ಒಂಬತ್ತು ಪುಟ ಹುಡುಕಿ ತೆಗೆದರು. ಎರಡು ಸಿಗಲೇ ಇಲ್ಲ. ನೆನಪಿರುವಾಗಲೇ ಬರೆಯುತ್ತೇನೆಂದು ಗ್ರಂಥಪಾಲಕಿ ಪೆನ್ನು ಹಿಡಿದು ಕೂತುಬಿಟ್ಟರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಯಜಮಾನನ ದನಿ ಬಂತು, ಈಗ ತಗ್ಗಿತ್ತು: "ಡ್ರೈವರ್ ಸೇರಿಸ್ತಿದೀನಿ, ಮೇಷ್ಟ್ರೇ. ಅಮ್ಮ, ಒಂದೇ ಜಾಗದಲ್ಲಿ ಕದಲದೆ ಬೀಳೋ ಚುಕ್ಕಿ ಕಂಡ್ರೆ ಬ್ಯಾಟರಿ ನೋಡಿ ಅನ್ನೋ ಎಚ್ಚರಿಕೆ ಬರೆದುಕೊಡ್ತೀರಾ? ಎಷ್ಟು ಮನೇಲಿ ಹೀಗೆ ಊದಿ ಕೂತಿದೆಯೋ."

"ಬರೀತೀನಪ್ಪ," ಎಂದರು ಅತ್ತೆ.

ಮೇಷ್ಟ್ರು ಬಗ್ಗಿ, ಅತ್ತೆ ಬಿಚ್ಚಿದ ತಿರುಪುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿಕೊಟ್ಟರು.

"ಮೇಡಂ, ನಿಮಗೆ ಭಯವಿದ್ರೆ ಹಳೇ ಡ್ರೈವರನ್ನೇ ಹಾಕಿಕೊಡ್ತೀನಿ," ಎಂದರು ಗ್ರಂಥಪಾಲಕಿಗೆ.

ಆಕೆ ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತಿದರು. "ಬೇಡ ಮೇಷ್ಟ್ರೇ. ನಮ್ಮ ಗ್ರಂಥಾಲಯಕ್ಕೆ ಬೆಂಕಿ ಬೀಳೋ ಮೊದಲು ಕೂಗಿದ್ದು ಇದೊಂದೇ. ಇದೇ ಇರಲಿ."