ನೆರಳೆಲೆ ಗಿಡಗಳಿಗೆ ನೀರೆರೆದ ಸಂಕವ್ವ

ಬಲು ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ಹೊಂಬಾಳೆಪುರ ಎಂಬ ರಾಜ್ಯವಿತ್ತು. ಆ ಊರಿನ ಕುಂಬಾರಗೇರಿಯಲ್ಲಿ ಹಾಲಪ್ಪ, ಸಂಕವ್ವ ಎಂಬ ಗಂಡ ಹೆಂಡತಿ ಇದ್ದರು. ಸಂಕವ್ವ ಮಣ್ಣು ಹದ ಮಾಡುವಳು, ಹಾಲಪ್ಪ ತಿಗುರಿ ತಿರುಗಿಸಿ ಮಡಕೆ ಮಾಡುವನು. ಮಣ್ಣಿನಲ್ಲಿ ನೀರು ಎಷ್ಟಿದೆಯೆಂದು ಸಂಕವ್ವ ಬೆರಳಿಟ್ಟೇ ಹೇಳುತ್ತಿದ್ದಳು.

ಒಂದು ಯುಗಾದಿಯ ದಿನ ಹಾಲಪ್ಪ ಹೊಸ ಮಡಕೆ ಹೊತ್ತು ಅರಮನೆಗೆ ಹೋದ. ಅದೇ ಹೊತ್ತಿಗೆ ಕಾಳಜಂಘನೆಂಬ ಮಾಂತ್ರಿಕ ಅಲ್ಲಿಗೆ ಬಂದು ಅರ್ಧ ರಾಜ್ಯ ಕೇಳಿದ. ರಾಜ ಕೊಡಲಿಲ್ಲ. ಮಾಂತ್ರಿಕ ಒಂದು ಹಿಡಿ ಅಕ್ಕಿ ಎರಚಿದ. ಅಕ್ಕಿ ಬಿದ್ದಲ್ಲಿ ನಿಂತಿದ್ದ ಇಪ್ಪತ್ತೊಂದು ಜನ ಗಿಡಗಳಾದರು. ಅಂಗೈಗಿಂತ ಅಗಲವಾದ ಎಲೆ, ನೀಲಿ ಬೆರೆತ ಹಸಿರು, ಅಂಚಿಗೆ ಬಿಳಿ ಗೆರೆ. ಅವರಲ್ಲಿ ಹಾಲಪ್ಪನೂ ಒಬ್ಬ.

"ಇವು ನೆರಳೆಲೆ ಗಿಡಗಳು," ಅಂದ ಮಾಂತ್ರಿಕ. "ಮುಂದಿನ ಯುಗಾದಿಗೆ ಇಪ್ಪತ್ತೊಂದೂ ಬದುಕಿದ್ದರೆ ಇವರು ಮತ್ತೆ ಮನುಷ್ಯರಾಗುತ್ತಾರೆ. ಒಂದು ಸತ್ತರೂ ಎಲ್ಲವೂ ಸಾಯುತ್ತವೆ. ಆಗ ಇಡೀ ರಾಜ್ಯ ನನ್ನದು."

ಅರಮನೆಯ ಹಿಂದೆ ಹೊಂಗೆಮರಗಳ ತೋಪಿತ್ತು. ರಾಜ ಗಿಡಗಳನ್ನು ಆ ನೆರಳಿನಲ್ಲಿ ನೆಡಿಸಿ, ತೋಟಗಾರ ಚೆನ್ನಬೋರಯ್ಯನಿಗೆ ಒಪ್ಪಿಸಿದ. ಚೆನ್ನಬೋರಯ್ಯ ಬಿಸಿಲಿನ ಹೂಗಿಡ ಬೆಳೆಸಿ ಮುದುಕನಾದವನು. ಹೆದರಿಕೆಗೆ ದಿನಕ್ಕೆ ಮೂರು ಸಲ ಗಿಡಗಳ ತಲೆಯ ಮೇಲೆ ನೀರು ಸುರಿದ. ಹದಿನೈದು ದಿನಕ್ಕೆ ಎಲೆಗಳು ಹಳದಿಯಾದವು.

ಸಂಕವ್ವ ದಿನವೂ ಬಂದು ಗಂಡನಾಗಿದ್ದ ಗಿಡದ ಪಕ್ಕ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಬುಡಕ್ಕೆ ಬೆರಳಿಟ್ಟು ನೋಡಿದಳು. ಒಳಗೆಲ್ಲ ಕೆಸರು. ನೇರ ರಾಜನ ಹತ್ತಿರ ಹೋಗಿ, ಗಿಡಗಳು ಬಾಯಾರಿಲ್ಲ, ಮುಳುಗುತ್ತಿವೆ ಎಂದು ಹೇಳಿದಳು. ರಾಜನಿಗೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ನೀರಿನ ಕೊಡ ಅವಳ ಕೈಗೆ ಬಂತು, ಚೆನ್ನಬೋರಯ್ಯ ಅವಳ ಜೊತೆಗೆ ನಿಂತ. ಮಣ್ಣು ಆರಿತು. ಎಲೆಗಳು ಮತ್ತೆ ನೀಲಿಗೆ ತಿರುಗಿದವು.

ಕಾಳಜಂಘ ಬೆಟ್ಟದ ಮೇಲಿಂದ ಅದನ್ನು ನೋಡಿ ಬೆಂಕಿಕಣ್ಣಿನ ಒಂದು ಹದ್ದನ್ನು ಬಿಟ್ಟ. ಅದು ಊರಿನ ಬಾವಿಗಳನ್ನೆಲ್ಲ ಕುಡಿದು ಬರಿದು ಮಾಡಿತು. ದೂರದ ಒಂದು ಒರತೆ ಮಾತ್ರ ಉಳಿಯಿತು. ಜನ ಕುಡಿದು ಮಿಕ್ಕದ್ದು ದಿನಕ್ಕೆ ಮೂರು ಕೊಡ ನೀರು. ಬಿಸಿಲಿಗೆ ಎಲೆಗಳ ತುದಿ ಕಂದಿತು.

ಎಲ್ಲ ಗಿಡಕ್ಕೂ ದಿನಾ ಒಂದೊಂದು ಚೊಂಬು ಚಿಮುಕಿಸೋಣ ಎಂದ ಚೆನ್ನಬೋರಯ್ಯ. ಸಂಕವ್ವ ಒಪ್ಪಲಿಲ್ಲ. ಚಿಮುಕಿಸಿದ ನೀರು ಮೇಲಿನ ಮಣ್ಣಿನಲ್ಲೇ ಆರಿಹೋಗುತ್ತದೆ, ಅಷ್ಟಿಷ್ಟು ಇಳಿದದ್ದನ್ನು ಹೊಂಗೆಯ ಬೇರು ಹೀರುತ್ತದೆ, ಗಿಡಕ್ಕೆ ಏನೂ ಸಿಗುವುದಿಲ್ಲ ಎಂದಳು. ದಿನಕ್ಕೆ ಮೂರೇ ಗಿಡ ಆರಿಸಿಕೊಂಡಳು. ಬೆಳಗಿನ ತಂಪಿನಲ್ಲಿ, ಎಲೆಗೆ ತಾಗದಂತೆ, ಒಂದೊಂದರ ಬುಡಕ್ಕೆ ಒಂದು ತುಂಬು ಕೊಡವನ್ನು ಸಣ್ಣಗೆ ಸುರಿದಳು. ಮಣ್ಣು ಕುಡಿಯುವಷ್ಟು ಹೊತ್ತು ಕಾದು ಮತ್ತೆ ಸುರಿದಳು. ಮೇಲೆ ತರಗೆಲೆ ಹೊದಿಸಿದಳು. ಹಾಲಪ್ಪನ ಸರದಿ ಬಂದದ್ದು ಏಳನೆಯ ದಿನ. ಅವನ ಎಲೆ ಅಷ್ಟರಲ್ಲಿ ಸೊರಗಿ ನೆಲಕ್ಕೆ ಬಾಗಿತ್ತು. ಆ ಆರು ದಿನವೂ ಅವಳು ತುಂಬಿದ ಕೊಡ ಹಿಡಿದು ಅವನನ್ನು ದಾಟಿ ಹೋಗಿದ್ದಳು.

ಮಳೆಗಾಲದ ತನಕ ಹಾಗೇ ನಡೆಯಿತು. ಒಂದು ಗಿಡವೂ ಸಾಯಲಿಲ್ಲ. ಹದ್ದು ಕುಡಿದ ನೀರಿನ ಭಾರ ತಾಳದೆ ಬೆಟ್ಟದ ಮೇಲೆ ಬಿದ್ದು ಸತ್ತಿತು. ಬಾವಿಗಳು ತುಂಬಿದವು.

ಮಾಂತ್ರಿಕ ಎರಡನೆಯ ಸಲ ಒಂದು ಮೋಡದಾನೆಯನ್ನು ಕಳಿಸಿದ. ಅದು ತೋಪಿನ ಮೇಲೆ ನಿಂತು ಸೊಂಡಿಲಿನಿಂದ ಒಂದೇ ಸಮನೆ ನೀರು ಸುರಿಯಿತು. ಸಂಕವ್ವ, ಚೆನ್ನಬೋರಯ್ಯ ಗುದ್ದಲಿ ಹಿಡಿದರು. ಗಿಡಗಳ ಸುತ್ತ ಮಣ್ಣು ಏರಿಸಿ, ನಡುವೆ ಕಾಲುವೆ ತೋಡಿ, ನೀರನ್ನು ಕೆರೆಗೆ ಹರಿಸಿದರು. ಬುಡದ ತರಗೆಲೆ ಕೊಳೆಯದಂತೆ ಸರಿಸಿ, ಒಡೆದ ಮಡಕೆಯ ಬೋಕಿ ಚೂರು, ಮರಳು ಬೆರೆಸಿದರು. ಒಂಬತ್ತು ದಿನ ಅವರ ಬಟ್ಟೆ ಒಣಗಲಿಲ್ಲ. ಹತ್ತನೆಯ ದಿನ ಆನೆಯ ಹೊಟ್ಟೆ ಬರಿದಾಯಿತು. ಅದು ಹತ್ತಿಯಷ್ಟು ಹಗುರಾಗಿ ಗಾಳಿಗೆ ತೇಲಿಹೋಯಿತು.

ಮೂರನೆಯ ಸಲ ಮಾಂತ್ರಿಕ ತೋಟದ ಗೋಡೆಯ ಸಂದಿಯಲ್ಲಿ ಸಾವಿರ ಬಸವನಹುಳು ಬಿಟ್ಟ. ಒದ್ದೆ ಎಲೆಯ ಮೇಲೆ ಮಾತ್ರ ಅವು ಹರಿಯಬಲ್ಲವು. ಹರಿದರೆ ಬೆಳಗಾಗುವುದರೊಳಗೆ ಬುಡದವರೆಗೆ ತಿಂದು ಮುಗಿಸುತ್ತವೆ. ಸಂಕವ್ವ ಬುಡಕ್ಕೆ ಮಾತ್ರ ಎರೆಯುತ್ತಿದ್ದರಿಂದ ಎಲೆಗಳು ಒದ್ದೆಯಾಗಿರಲಿಲ್ಲ. ಅದಕ್ಕೆ ಮಾಂತ್ರಿಕ ಇನ್ನೊಂದು ಕೆಲಸ ಮಾಡಿದ.

ಮಾಘದ ಒಂದು ಸಂಜೆ ಸಂಕವ್ವ ಮನೆಗೆ ಹೊರಟಿದ್ದಳು. ಹಿಂದಿನಿಂದ ಹಾಲಪ್ಪನ ದನಿ ಕೇಳಿತು.

"ಸಂಕೀ, ಬಾಯಾರಿಕೆ ಕಣೆ. ತಲೆ ಮೇಲೆ ಒಂದು ಚೊಂಬು ನೀರು ಹುಯ್ಯಿ."

ಹತ್ತು ತಿಂಗಳ ಮೇಲೆ ಕೇಳಿದ ದನಿ. ಅವಳ ಕೈ ತಾನಾಗಿ ಕೊಡಕ್ಕೆ ಹೋಯಿತು. ತುಂಬಿಕೊಂಡು ಗಿಡದ ಹತ್ತಿರ ಬಂದಳು. ಎಲೆಗಳು ನಡುಗುತ್ತಿದ್ದವು.

"ಬೇಗ ಹುಯ್ಯಿ. ಒಳಗೆಲ್ಲ ಸುಡ್ತಿದೆ."

ಸಂಕವ್ವ ಕೊಡ ಕೆಳಗಿಟ್ಟು ಬುಡಕ್ಕೆ ಬೆರಳಿಟ್ಟಳು. ಎರಡು ಗಿಣ್ಣಿನವರೆಗೂ ತೇವವಿತ್ತು. ಬೆಳಿಗ್ಗೆ ಅವಳೇ ಎರೆದದ್ದು.

"ಮಣ್ಣು ಹಸಿ ಇದೆ," ಅಂದಳು. "ಈಗ ಹಾಕಲ್ಲ."

ದನಿ ಬೇಡಿತು, ಅತ್ತಿತು, ನೀನು ನನ್ನ ಹೆಂಡತಿಯೇ ಅಲ್ಲ ಎಂದಿತು. ಸಂಕವ್ವ ಕೊಡದ ನೀರನ್ನು ಕಾಲುವೆಗೆ ಚೆಲ್ಲಿ ಮನೆಗೆ ಹೋದಳು. ಅನ್ನ ಬಡಿಸಿಕೊಂಡಳು, ತಿನ್ನಲಾಗಲಿಲ್ಲ. ಮರುಸಂಜೆಯೂ ದನಿ ಕರೆಯಿತು. ಅವಳು ಬೆರಳಿಟ್ಟು ನೋಡಿದಳು, ಅದೇ ಮಾತು ಹೇಳಿದಳು. ಹೀಗೆ ಇಪ್ಪತ್ತು ಸಂಜೆ ಕಳೆದವು. ಗೋಡೆಯ ಸಂದಿಯಲ್ಲಿ ಕಾದ ಬಸವನಹುಳುಗಳು ಒಂದೊಂದಾಗಿ ಒಣಗಿ ಉದುರಿದವು. ಗುಡಿಸುವಾಗ ಚೆನ್ನಬೋರಯ್ಯನಿಗೆ ಎರಡು ಮೊರ ತುಂಬ ಬರಿ ಚಿಪ್ಪು ಸಿಕ್ಕಿತು.

ಯುಗಾದಿಯ ಬೆಳಿಗ್ಗೆ ಕಾಳಜಂಘ ಬಂದು ಗಿಡಗಳನ್ನು ಎಣಿಸಿದ. ಇಪ್ಪತ್ತೊಂದಿದ್ದವು. ಮತ್ತೊಮ್ಮೆ ಎಣಿಸಿದ. ಮೂರನೆಯ ಸಲ ಎಣಿಸುವಾಗ ಗಿಡಗಳನ್ನು ಬಿಟ್ಟ ಮಂತ್ರ ಅವನಿಗೇ ಹತ್ತಿತು. ಅವನು ಕುಗ್ಗಿ ಕುಗ್ಗಿ ಚಿಪ್ಪಿಲ್ಲದ ಒಂದು ಹುಳುವಾಗಿ ಕಲ್ಲಿನ ಮೇಲೆ ಬಿದ್ದ. ಅಡುಗೆಮನೆಯ ಕೋಳಿಯೊಂದು ಬಂದು ಅದನ್ನು ಹೆಕ್ಕಿಕೊಂಡು ಹೋಯಿತು.

ತೋಪಿನಲ್ಲಿ ಇಪ್ಪತ್ತೊಂದು ಜನ ಎದ್ದು ನಿಂತು ಮೈಗಂಟಿದ ಮಣ್ಣು ಕೊಡವಿಕೊಂಡರು. ಅವರವರ ಮನೆಯವರು ಓಡಿಬಂದರು. ಸಂಕವ್ವ ಓಡಲಿಲ್ಲ. ಹಾಲಪ್ಪನೇ ನಡೆದು ಬಂದ.

"ಕೂಗಿದ್ದು ನೀವಾ, ಅವನಾ?" ಎಂದು ಅವಳು ಕೇಳಿದಳು.

ಹಾಲಪ್ಪ ಹೇಳಿದ, "ನಾನೇ. ಬಾಯಾರಿಕೆ ಹುಟ್ಟಿಸಿದ್ದು ಅವನು, ಕೂಗಿದ್ದು ನಾನೇ. ನೀನು ಹುಯ್ದಿದ್ದರೆ ಕುಡೀತಿದ್ದೆ."

"ಗೊತ್ತಿತ್ತು," ಅಂದಳು ಸಂಕವ್ವ. "ನೀವೇ ಅಂತ ಗೊತ್ತಿದ್ದೇ ಹಾಕಲಿಲ್ಲ."

ಹಾಲಪ್ಪ ಅವಳ ಕೈ ಹಿಡಿದುಕೊಂಡ. ಆಗ ಅವಳು ಅತ್ತಳು. ಒಂದು ವರ್ಷದಲ್ಲಿ ಅವಳು ಅತ್ತದ್ದು ಅದೇ ಮೊದಲು.

ರಾಜ ಏನು ಬೇಕೆಂದು ಕೇಳಿದಾಗ ಅವಳು ಮನೆಗೆ ಹೋಗಬೇಕು ಎಂದಳು. ಇಬ್ಬರೂ ಕುಂಬಾರಗೇರಿಗೆ ನಡೆದುಕೊಂಡೇ ಹೋದರು. ಮುಂದೆ ಹೊಂಬಾಳೆಪುರಕ್ಕೆ ಯಾವ ಮಾಂತ್ರಿಕನೂ ಬರಲಿಲ್ಲ. ಅವರು ಮಡಕೆ ಮಾಡಿಕೊಂಡು ಸುಖವಾಗಿದ್ದರು, ಊರೂ ಸುಖವಾಗಿತ್ತು.