ಕಾರ್ಟನ್ ಸ್ವಾಮಿಯ ಹಾಲಿನ ಡಬ್ಬಿ

"ಸ್ವಾಮಿಯ ಪೆಟ್ಟಿಗೆಗೆ ಕೈ ಹಾಕ್ಬೇಡ ಮಾರಾಯ. ಮತ್ತೆ ಊರಿಗೆ ಹೋಗ್ಲಿಕ್ಕೆ ಆಗುದಿಲ್ಲ," ಎಂದರು ರೂಮಿನ ಹಿರಿಯ ಅಲೆಕ್ಸಾಂಡರ್.

ಪೃಥ್ವಿರಾಜ್ ನಕ್ಕುಬಿಟ್ಟ. ಗಲ್ಫಿಗೆ ಬಂದು ವರ್ಷ ದಾಟಿದ್ದರೂ ಅವನು ಕರಾಮ ಬಡಾವಣೆಯ ಆ ಫ್ಲ್ಯಾಟಿಗೆ ಸೇರಿ ತಿಂಗಳಾಗಿತ್ತಷ್ಟೇ. ರಾತ್ರಿ ಪಾಳಿಯವರ ನಿದ್ದೆಗೆಂದು ಕಿಟಕಿಗೆ ರಟ್ಟು ಬಡಿದಿದ್ದರಿಂದ ನಡುಮಧ್ಯಾಹ್ನವೂ ಅಲ್ಲಿ ಕತ್ತಲೆ. ಆ ಕತ್ತಲೆಯ ಮೂಲೆಯಲ್ಲಿ ನೈಲಾನ್ ಹಗ್ಗ ಬಿಗಿದ ಹಳೆಯ ಕಾರ್ಟನ್ನೊಂದು ದೇವರಾಗಿ ಕುಳಿತಿತ್ತು. ಊದುಬತ್ತಿ ಹಚ್ಚಿದರೆ ಫೈರ್ ಅಲಾರಂ ಕೂಗುತ್ತದೆಂದು ಅದಕ್ಕೆ ಸೆಂಟು ಹೊಡೆಯುತ್ತಿದ್ದರು. ಕಿತ್ತಳೆ ಪುಡಿಯ ಶರಬತ್ತೇ ತೀರ್ಥ, ತಲೆನೋವಿನ ಮುಲಾಮೇ ಗಂಧ. ಮುಲಾಮು ತಾಗಿ ಕಣ್ಣಲ್ಲಿ ನೀರು ಬಂದರೆ ಅದೂ ಭಕ್ತಿಯ ಲೆಕ್ಕಕ್ಕೇ ಸೇರುತ್ತಿತ್ತು.

"ಈ ಸ್ವಾಮಿಯನ್ನು ಹುಟ್ಟಿಸಿದ್ದು ಯಾರು ಅಲೆಕ್ಸ್ ಅಣ್ಣ?"

"ನಾನೇ. ಊರಿಗೆ ಕಟ್ಟಿಟ್ಟ ಸಾಮಾನು ಕದೀತಿದ್ರು. ಹೆದರಿಸ್ಲಿಕ್ಕೆ ಕತೆ ಕಟ್ಟಿದೆ. ಎಲ್ಲರೂ ಕಾಣಿಕೆ ಹಾಕ್ಲಿಕ್ಕೆ ಶುರು ಮಾಡಿದ್ರು. ಕಡೆಗೆ ನನ್ನದೇ ಪೆಟ್ಟಿಗೆ ಅಲ್ವಾ ಅಂತ ಒಂದು ಸೋಪು ತೆಗೆದೆ. ಆಮೇಲೆ ಊರಿಗೇ ಹೋಗ್ಲಿಲ್ಲ. ಸುಸನ್ ಈಗ ಫೋನೂ ಮಾಡುದಿಲ್ಲ."

ಹೆಂಡತಿಯ ಹೆಸರು ಹೇಳುವಾಗಲೂ ಅವರ ಮುಖದಲ್ಲಿ ಬೇಸರವಿರಲಿಲ್ಲ.

ಪೃಥ್ವಿರಾಜನಿಗೆ ಸಂಜೆಯೇ ವಿಮಾನ. ಮಗಳು ದೀಕ್ಷಿತಾ ಹುಟ್ಟಿ ವರ್ಷವಾಗುತ್ತ ಬಂದಿದ್ದರೂ ಅವನು ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಹೆಂಡತಿ ಅಶ್ಮಿತಾ ಹೇಳಿದ್ದ ಹಾಲಿನ ಪುಡಿ ಮರೆತೇ ಹೋಗಿತ್ತು. ಶುಕ್ರವಾರದ ನಮಾಜಿಗೆಂದು ಅಂಗಡಿಗಳು ಬಾಗಿಲು ಹಾಕಿದ್ದವು. ಸ್ವಾಮಿಯ ಕಾಣಿಕೆಗಳಲ್ಲಿ ಹಾಲಿನ ಪುಡಿಯ ಹೊಸ ಡಬ್ಬಿಯೊಂದಿತ್ತು.

"ಸ್ವಾಮಿಗೆ ಹಾಲು ಕುಡಿಯುವ ವಯಸ್ಸಲ್ಲ ಬಿಡಿ," ಎನ್ನುತ್ತ ಅವನು ಹಗ್ಗ ಬಿಚ್ಚಿದ.

ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಎಸಿ ತಟ್ಟನೆ ನಿಂತಿತು. ಪೆಟ್ಟಿಗೆಯೊಳಗೆ ಯಾರೋ ಉಸಿರೆಳೆದುಕೊಂಡ ಸದ್ದು. ಇಲಿ ಇರಬೇಕೆಂದುಕೊಂಡು ಡಬ್ಬಿಯನ್ನು ತನ್ನ ಪೆಟ್ಟಿಗೆಗೆ ತುರುಕಿ, ಪೆಟ್ಟಿಗೆಯನ್ನು ತೂಕದ ಮೆಷಿನ್ ಮೇಲಿಟ್ಟ. ವಿಮಾನದವರು ಬಿಡುವುದು ಮೂವತ್ತು ಕಿಲೋ. ಬೆಳಿಗ್ಗೆ ಅದರೊಳಗೇ ಇದ್ದ ಮುಳ್ಳು ಈಗ ಎಷ್ಟೋ ದಾಟಿ ನಿಂತಿತ್ತು.

ಹೆದರಿ ಡಬ್ಬಿಯನ್ನು ಸ್ವಾಮಿಯ ಪೆಟ್ಟಿಗೆಗೇ ವಾಪಸ್ಸಿಟ್ಟ. ಮುಳ್ಳು ಇಳಿಯಲಿಲ್ಲ.

ತಾಯಿ ಲೋಲಾಕ್ಷಿಗೆಂದು ಕೊಂಡಿದ್ದ ಕಂಬಳಿ ತೆಗೆದ. ಇಳಿಯಲಿಲ್ಲ. ಆದರೆ ತಾಯಿಯನ್ನು ನೋಡುವ ಆಸೆ ಎದೆಯಿಂದ ಜಾರಿಹೋಯಿತು. ಅಶ್ಮಿತಾಳ ಸೀರೆ ತೆಗೆದ. ಅವಳೂ ಹೋದಳು. ಹೆಸರಿತ್ತು, ಮುಖವಿತ್ತು, ಪ್ರೀತಿಯಿರಲಿಲ್ಲ. ಇನ್ನು ಉಳಿದದ್ದು ಮಗಳ ಫ್ರಾಕು.

ಅವನಿಗೆ ಅರ್ಥವಾಯಿತು. ಫ್ರಾಕನ್ನು ಎದೆಗೊತ್ತಿಕೊಂಡು, ಪೆಟ್ಟಿಗೆಯೇ ಬೇಡವೆಂದು ಬಾಗಿಲಿಗೆ ಓಡಿದ. ಕತ್ತಲೆ. ಕಾಲು ಏಳಲಿಲ್ಲ. ಅಂಗೈಯಗಲದ ಫ್ರಾಕು ಅರೆಯುವ ಕಲ್ಲಿನಷ್ಟು ಭಾರ. ಅದು ಅವನನ್ನು ನೆಲಕ್ಕೆ ಒತ್ತಿ ಕೆಡವಿತು.

"ಅದನ್ನೂ ಬಿಡು. ಹಗುರ ಆಗ್ತದೆ," ಅಲೆಕ್ಸಾಂಡರ್ ಪಿಸುಗುಟ್ಟಿದರು.

"ಇಲ್ಲ ಅಣ್ಣ... ನನ್ನ ಮಗು..."

ಪಕ್ಕೆಲುಬು ಲಟಕ್ಕೆಂದಿತು. ಬೆರಳು ಬಿಚ್ಚಿಕೊಂಡಿತು, ಫ್ರಾಕು ಕೈಜಾರಿತು.

ಎಸಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ಅಶ್ಮಿತಾಳ ವಿಡಿಯೋ ಕರೆ ಬಂತು. "ಹೊರಟ್ರಾ? ಇಲ್ಲಿ ನೋಡಿ, ಇವಳು ಎಂತ ಹೇಳ್ತಾಳೆ ಅಂತ!"

"ಪಪ್ಪ," ಎಂದಿತು ಮಗು, ಎರಡೂ ಕೈ ಚಾಚಿ.

"ಕೇಳಿತಾ? ಇವತ್ತೇ ಫಸ್ಟ್ ಹೇಳಿದ್ದು!"

ಪೃಥ್ವಿರಾಜ್ ತನ್ನೊಳಗೆ ಏನಾದರೂ ಆದೀತೇ ಎಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ.

"ಹೂಂ. ಆಮೇಲೆ ಮಾತಾಡುವ," ಎಂದು ಕರೆ ಕಡಿದು, ಅಡುಗೆಮನೆಗೆ ಹೋಗಿ, ಮೀನು ಸಾರು ಉಳಿದಿದೆಯಾ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದ.