ಎಣ್ಣೆಗಪ್ಪು ತಿಂದ ಆಡು

ಬಲು ಹಿಂದೆ, ಮೋಡಗಳು ಊರವರನ್ನು ಕೇಳಿಯೇ ಮಳೆ ಸುರಿಸುತ್ತಿದ್ದ ಕಾಲ. ಆಗ ಏಳು ಬೆಟ್ಟಗಳ ನಡುವೆ ಬಣ್ಣವಳ್ಳಿ ಎಂಬ ರಾಜ್ಯವಿತ್ತು. ಮುದ್ದರಾಜ ಅದನ್ನು ಆಳುತ್ತಿದ್ದ. ಆಳುತ್ತಿದ್ದ ಅಂದರೆ ಸಿಂಹಾಸನದ ಮೇಲೆ ಕೂತಿರುತ್ತಿದ್ದ, ಆಳುವ ಕೆಲಸ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು.

ಅವನ ಅರಮನೆಯಲ್ಲಿ ಒಂದು ಮಾಯದ ಪೆಟ್ಟಿಗೆ. ಅದರೊಳಗೆ ಬಣ್ಣಕ್ಕೊಂದು ಬಟ್ಟೆಯ ತುಣುಕು, ತುಣುಕಿಗೊಂದು ಹೆಸರು. ಗಿಳಿಹಸಿರು, ಬದನೆನೇರಳೆ, ಈರುಳ್ಳಿಸಿಪ್ಪೆ, ಆನಂದನೀಲಿ. ತುಣುಕಿಗೆ ಏನಾಗುತ್ತದೋ ರಾಜ್ಯದಲ್ಲಿರುವ ಆ ಬಣ್ಣದ್ದಕ್ಕೆಲ್ಲ ಅದೇ ಆಗುತ್ತದೆ. ಒಮ್ಮೆ ದಾಸಿಯೊಬ್ಬಳು ಕೈತಪ್ಪಿ ಗಿಳಿಹಸಿರನ್ನು ಬಿಸಿನೀರಿಗೆ ಬೀಳಿಸಿದ್ದಳು. ರಾಜ್ಯದ ಗಿಳಿಗಳೆಲ್ಲ ಹಳಸಿದ ಚಟ್ನಿಯ ಬಣ್ಣಕ್ಕೆ ತಿರುಗಿ, ನಾಚಿಕೆಯಿಂದ ಪೊಟರೆ ಬಿಟ್ಟು ಹೊರಗೇ ಬರಲಿಲ್ಲ. ತುಣುಕಿಗೆ ಮತ್ತೆ ಬಣ್ಣ ಕಟ್ಟಿದ ಮೇಲೇ ಅವು ಸೀಬೆಮರಕ್ಕೆ ನುಗ್ಗಿದ್ದು.

ಪೆಟ್ಟಿಗೆಗೆ ಒಂದೇ ರೋಗ, ಮುಚ್ಚಳ ಮುಚ್ಚುತ್ತಿರಲಿಲ್ಲ. ರಾಣಿಯರು ತವರಿನಿಂದ ಬರುವಾಗ ತಮ್ಮ ತಮ್ಮ ತುಣುಕುಗಳನ್ನೂ ಹೊತ್ತು ತಂದಿದ್ದರು. ದೊಡ್ಡರಾಣಿಯ ಅರಿಶಿನ, ಚಿಕ್ಕರಾಣಿಯ ಅರಿಶಿನ, ಹೊಸ ಅರಿಶಿನ, ಅದಕ್ಕಿಂತ ಹೊಸ ಅರಿಶಿನ, ಕೊನೆಗೆ ‘ಇದೇ ಸರಿಯಾದ ಅರಿಶಿನ’ ಅಂತ ಹೆಸರಿಟ್ಟದ್ದು ಬೇರೆ!

ಹೀಗಿರಲು ಓರಣಸಿದ್ಧನೆಂಬ ಮಾಂತ್ರಿಕ ಅರಮನೆಗೆ ಬಂದ. ಹಾಲುಬಿಳಿ ನಿಲುವಂಗಿ, ಹುಡುಕಿದರೂ ಒಂದು ಸುಕ್ಕಿಲ್ಲ. ಹಿಂದೆಯೇ ಒಂದು ಮಾತಾಡುವ ಮಾಯದ ಆಡು, ಅವನು ಬಿಸಾಕಿದ ಬಣ್ಣ ತಿನ್ನುವುದೇ ಅದರ ಕೆಲಸ. ಅವನು ಅರಿಶಿನಗಳನ್ನೆಲ್ಲ ಸೇರಿಸಿ ಒಂದೇ ಅರಿಶಿನ ಮಾಡಿ ತೋರಿಸಿದ. ಯಾರಿಗೂ ಏನೂ ತೊಂದರೆಯಾಗಲಿಲ್ಲ. ರಾಜ ಚಪ್ಪಾಳೆ ತಟ್ಟಿದ.

“ಇನ್ನು ಯಾರೂ ಬಳಸದ ಬಣ್ಣಗಳನ್ನು ಬಿಸಾಕೋಣ” ಎಂದ ಓರಣಸಿದ್ಧ. “ನಿಮ್ಮ ಮನೆಯಲ್ಲಿ ಯಾವ ಯಾವ ಬಣ್ಣ ಇದೆ ಹೇಳಿ ಅಂತ ಡಂಗುರ ಹೊಡೆಸಿ, ಮಹಾರಾಜ.”

ಡಂಗುರ ಹೊಡೆಯುವವನು ಕರಿಯಣ್ಣ. ಅವನ ದನಿ ಏಳು ಬೆಟ್ಟಕ್ಕೂ ಕೇಳುತ್ತಿತ್ತು. ಹೆಂಡತಿ ಹೊನ್ನಿ, ತಾಯಿ ಸಾಕಮ್ಮ. ಕರಿಯಣ್ಣ ಎಂಥಾ ಎಣ್ಣೆಗಪ್ಪು ಅಂತೀರಿ, ಹಬ್ಬದ ದಿನ ಎಣ್ಣೆ ಸವರಿದ ಹೊಸಿಲಿನ ಹಾಗೆ ಮಿರಮಿರ ಮಿಂಚುತ್ತಿದ್ದ. ಆ ಮಿಂಚಿಗೇ ಸೋತು ಹೊನ್ನಿ ಅವನನ್ನು ಮದುವೆಯಾಗಿದ್ದಳು.

ಅರಮನೆಯವರು ಮನೆಮನೆಗೆ ಬಂದರು. ಜನ ಬಾಗಿಲಿನ ಬಣ್ಣ ಹೇಳಿದರು, ಕೋಳಿಯ ಬಣ್ಣ ಹೇಳಿದರು, ಎಮ್ಮೆಯನ್ನು ಕಪ್ಪು ಅಂದರು. ಮಕ್ಕಳ ಮಾತು ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಗೋಧಿ ಬಣ್ಣ! ನಾಳೆ ಮದುವೆಯಾಗಬೇಕಾದ ಮಕ್ಕಳಲ್ಲವೇ?

“ನಿಮ್ಮ ಮಗನದು ಯಾವ ಬಣ್ಣ, ಸಾಕಮ್ಮ?”

“ಗೋಧಿ” ಎಂದಳು ಸಾಕಮ್ಮ.

“ಅತ್ತೆ!” ಎಂದಳು ಹೊನ್ನಿ. “ಹೆಸರೇ ಕರಿಯಣ್ಣ!”

“ಸುಮ್ನಿರೇ. ಹೆಣ್ಣು ಕೇಳಕ್ಕೆ ಬಂದಾಗ ನಿಮ್ಮಪ್ಪನ ಮುಂದೆ ಗೋಧಿ ಅಂದಿದ್ದೆ. ಈಗ ಮಾತು ಬದಲಾಯಿಸಿದರೆ ಬೀಗರು ಏನಂದ್ಕೋತಾರೆ?”

ಅಷ್ಟೇ ಏಕೆ, ರಾಜನೂ ತನ್ನದು ‘ಗುಲಾಬಿ ಬೆರೆತ ಗೋಧಿ’ ಎಂದು ಹೇಳಿಸಿದ.

ಓರಣಸಿದ್ಧ ತುಂಬಿದ ಸಭೆಯಲ್ಲಿ ಎಣ್ಣೆಗಪ್ಪಿನ ತುಣುಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಇದನ್ನು ಇಡೀ ರಾಜ್ಯದಲ್ಲಿ ಒಬ್ಬರೂ ಹೇಳಿಲ್ಲ. ತೆಗೆದುಹಾಕುತ್ತೇನೆ. ಇದರ ಜಾಗಕ್ಕೆ ಯಾವ ಬಣ್ಣ ಇಡಲಿ, ಮಹಾರಾಜ?”

ರಾಜನಿಗೆ ಊಟದ ಹೊತ್ತು ಮೀರಿತ್ತು. “ಏನೂ ಬೇಡ” ಎಂದು ಆಕಳಿಸಿದ.

‘ಏನೂ ಬೇಡ’ ಎಂದದ್ದೇ ತಡ, ಆಡು ತುಣುಕನ್ನು ಗುಳುಂ ಮಾಡಿತು. ಆ ಕ್ಷಣವೇ ರಾಜ್ಯದ ಅರ್ಧ ಜನ ಕಾಣದಾದರು. ಬರೀ ಅಂಗಿಗಳು ಸಂತೆಯಲ್ಲಿ ಚೌಕಾಸಿ ಮಾಡುತ್ತಿದ್ದವು. ಪಂಚೆಯೊಂದು ಓಡಿಹೋಗಿ ಇನ್ನೊಂದು ಪಂಚೆಗೆ ಡಿಕ್ಕಿ ಹೊಡೆಯಿತು. ಎಮ್ಮೆಗಳು ಮಾತ್ರ ಇದ್ದಂತೆಯೇ ಇದ್ದವು, ಎಮ್ಮೆಯ ಬಣ್ಣದ ಬಗ್ಗೆ ಯಾರೂ ಸುಳ್ಳು ಹೇಳಿರಲಿಲ್ಲವಲ್ಲ!

ಸಿಂಹಾಸನದ ಮೇಲೆ ಜರತಾರಿ ಅಂಗಿ, ಅದರ ಮೇಲೆ ಗಾಳಿಯಲ್ಲಿ ಒಂದು ಕಿರೀಟ. “ಯಾರೋ ಬಟ್ಟೆ ಬಿಟ್ಟು ಹೋಗಿದ್ದಾರೆ” ಎನ್ನುತ್ತ ಓರಣಸಿದ್ಧ ಅದರ ಮೇಲೆಯೇ ಕೂತ.

“ಅಯ್ಯಯ್ಯೋ! ಏಳಯ್ಯಾ, ಅದು ನನ್ನ ತೊಡೆ!”

“ನೀನು ರಾಜನೋ? ರಾಜನದು ಗುಲಾಬಿ ಬೆರೆತ ಗೋಧಿ. ಆ ತುಣುಕು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಹಾಗಾದರೆ ನೀನು ಯಾರು?”

ಕಿರೀಟ ಗೋಡೆಯ ಮೇಲಿನ ತನ್ನ ಗುಲಾಬಿ ಬಣ್ಣದ ಚಿತ್ರಗಳ ಕಡೆ ತಿರುಗಿತು.

ಇತ್ತ ಹೊನ್ನಿಯ ಅಂಗಳಕ್ಕೆ ಒಂದು ರುಮಾಲು, ಒಂದು ಪಂಚೆ, ಒಂದು ತಮಟೆ ಬಂದು ನಿಂತವು. “ಹೊನ್ನೀ, ನಾನೇ ಕಣೇ” ಎಂದಿತು ದನಿ. ಬೆಳಿಗ್ಗೆ ಬೆಟ್ಟ ದಾಟುತ್ತಿದ್ದ ದನಿ ಈಗ ಬೇಲಿಯನ್ನೂ ದಾಟುತ್ತಿರಲಿಲ್ಲ. ಮಾತಿಗೊಮ್ಮೆ ಸಣ್ಣಗಾಗುತ್ತಿತ್ತು. ದನಿಯೂ ಹೋದರೆ ಮನುಷ್ಯನೇ ಇಲ್ಲ ಎಂದು ಹೊನ್ನಿಗೆ ಹೊಳೆಯಿತು. “ನನಗೆ ನಿಮ್ಮ ಮುಖ ಬೇಕು” ಎಂದು ಗೊಳೋ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಒಂದು ಕೈಯಲ್ಲಿ ಅತ್ತೆಯ ಕೈ, ಇನ್ನೊಂದರಲ್ಲಿ ಗಂಡನ ಪಂಚೆಯ ಚುಂಗು ಹಿಡಿದು ಅರಮನೆಗೆ ನಡೆದಳು.

ಅರಮನೆಯ ಬಾಗಿಲಲ್ಲಿ ಆಡು ಹೊಟ್ಟೆ ಉಬ್ಬಿಸಿಕೊಂಡು ನರಳುತ್ತಿತ್ತು. ಹೊನ್ನಿ ಎಲೆಯಡಿಕೆ ಚೀಲದಿಂದ ಓಂಕಾಳು ತೆಗೆದು ತಿನ್ನಿಸಿದಳು.

“ನೀನು ಪುಣ್ಯಾತ್ಗಿತ್ತಿ ಕಣವ್ವ” ಎಂದಿತು ಆಡು. “ಬಳಸದ ಬಣ್ಣ ಸಲೀಸಾಗಿ ಅರಗುತ್ತೆ. ಇದು ಅರ್ಧ ರಾಜ್ಯ ಮೈಮೇಲೆ ಹೊತ್ತ ಬಣ್ಣ, ಹೇಗೆ ಅರಗೀತು? ಸುಳ್ಳು ಹೇಳಿದವರೇ ಸಭೆಯಲ್ಲಿ ನಿಂತು ನಿಜ ಹೇಳಿದರೆ ನನಗೆ ಮೆಲುಕು ಬರುತ್ತೆ. ಮೂರು ಮೆಲುಕಿಗೆ ತುಣುಕು ಪೂರ್ತಿ ಆಚೆಗೆ.”

ಹೊನ್ನಿ ಅತ್ತೆಯ ಮುಖ ನೋಡಿದಳು.

“ಊರ ಮುಂದೆ ನನ್ನ ಮಾನ ಹೋಗಲ್ವೇನೇ?”

“ಹೋದ ಮಾನ ನಾಳೆ ಬರುತ್ತೆ ಅತ್ತೆ. ಹೋದ ಮಗ ಬರ್ತಾನಾ?”

“ಅವ್ವಾ...” ಎಂದಿತು ರುಮಾಲು, ಸೊಳ್ಳೆಯಷ್ಟು ಸಣ್ಣಗೆ.

ಸಾಕಮ್ಮ ಸೆರಗು ಸಿಕ್ಕಿಸಿ ಸಭೆಯ ನಡುವೆ ನಿಂತಳು. “ನನ್ನ ಮಗ ಎಣ್ಣೆಗಪ್ಪು! ಅವರಪ್ಪನ ಬಣ್ಣ. ಅದನ್ನು ನೋಡಿಯೇ ನಾನೂ ಮದುವೆಗೆ ಒಪ್ಪಿದ್ದು. ಏನಿವಾಗ?”

ಆಡಿಗೆ ಒಂದು ಮೆಲುಕು ಬಂತು. ರಾಜ್ಯದ ತುಂಬ ಮಂಡಿಯವರೆಗೆ ಕಾಲುಗಳು ಮೂಡಿದವು. ಕರಿಯಣ್ಣನ ಕಾಲು ನೋಡಿ ಸಾಕಮ್ಮ ಅಲ್ಲೇ ಕೂತು ಅದನ್ನು ನೇವರಿಸಿದಳು.

ಎರಡನೆಯವನು ಸಭೆಯಲ್ಲೇ ಸಿಕ್ಕಿದ. ಕಂಬದ ಮರೆಯಲ್ಲಿ ಒಂದು ಛತ್ರಿ, ಒಂದು ಕೋಟು, ಕೆಳಗೆ ಎರಡು ಕಾಲು. ಅವನು ಗಂಡು-ಹೆಣ್ಣು ಕೂಡಿಸುವ ನಂಜಜ್ಜ.

“ಅಜ್ಜಾ, ನಿಜ ಹೇಳು” ಎಂದಳು ಹೊನ್ನಿ.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರಲ್ಲಮ್ಮ!”

“ಮದುವೆ ಮಾಡಿದ್ದು ಸರಿ. ಈಗ ಗಂಡಂದಿರೇ ಕಾಣ್ತಿಲ್ಲವಲ್ಲ, ಯಾರನ್ನು ತೋರಿಸ್ತೀಯಾ?”

ನಂಜಜ್ಜನಿಗೆ ಕಸುಬು ಕಣ್ಮುಂದೆ ಬಂತು. “ನಾನೂ ಎಣ್ಣೆಗಪ್ಪು” ಎಂದ. “ನಾನು ಗೋಧಿ ಅಂದವರಲ್ಲಿ ಮುಕ್ಕಾಲು ಜನ ಎಣ್ಣೆಗಪ್ಪು. ಈ ರಾಜ್ಯದಲ್ಲಿ ನಿಜವಾದ ಗೋಧಿ ಇರೋದು ಹಿಟ್ಟಿನ ಡಬ್ಬದಲ್ಲಿ!”

ಆಡಿಗೆ ಎರಡನೇ ಮೆಲುಕು. ಎಲ್ಲರೂ ಕುತ್ತಿಗೆಯವರೆಗೆ ಮೂಡಿದರು. ಹೊನ್ನಿ ಗಂಡನ ಕೈ ಹಿಡಿದಳು. ಮುಖವೊಂದು ಬಾಕಿ. ಆದರೆ ಕರಿಯಣ್ಣನ ದನಿ ನಿಂತೇಹೋಗಿತ್ತು.

ಹೊನ್ನಿ ಸಿಂಹಾಸನದ ಮುಂದೆ ನಿಂತಳು. “ಬುದ್ಧೀ, ಇನ್ನು ನೀವು.”

ಓರಣಸಿದ್ಧನ ಹಿಂದಿನಿಂದ ಕಿರೀಟ ಪಿಸುಗುಟ್ಟಿತು, “ಗೋಡೆ ತುಂಬ ನನ್ನ ಗುಲಾಬಿ ಚಿತ್ರಗಳಿವೆಯಮ್ಮಾ.”

“ಚಿತ್ರ ಬಂದು ರಾಜ್ಯ ಆಳುತ್ತಾ ಬುದ್ಧಿ? ನಿಮಗೆ ಸಿಂಹಾಸನ ಬೇಕು, ನನಗೆ ನನ್ನ ಗಂಡ ಬೇಕು. ಎರಡೂ ಒಂದೇ ತುಣುಕಿನಲ್ಲಿವೆ.”

“ಚೆನ್ನಾಗಿ ಹುರಿದ ಗೋಧಿ ಅಂದರೆ ನಡೆಯುತ್ತಾ?”

ಆಡು ಅಡ್ಡಡ್ಡ ತಲೆಯಾಡಿಸಿತು.

“ಸ್ವಲ್ಪ ಸೀದ ಗೋಧಿ?”

“ಊಹೂಂ” ಎಂದಿತು ಆಡು.

ಓರಣಸಿದ್ಧ ನಕ್ಕು, ಆರಾಮಾಗಿ ಕಾಲ ಮೇಲೆ ಕಾಲು ಹಾಕಿದ. ಆ ಭಾರಕ್ಕೆ ರಾಜನ ತೊಡೆ ಜೋಮು ಹಿಡಿಯಿತು. ಅವನು ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಕಿರುಚಿದ, “ಎಣ್ಣೆಗಪ್ಪು! ನಾನು ಎಣ್ಣೆಗಪ್ಪು, ನಮ್ಮಪ್ಪ ಎಣ್ಣೆಗಪ್ಪು, ನಮ್ಮಜ್ಜ ಇನ್ನೂ ಕಪ್ಪು! ಮೊದಲು ಕೆಳಗಿಳಿಯೋ ದರಿದ್ರದವನೇ!”

ಆಡಿಗೆ ಮೂರನೇ ಮೆಲುಕು ಬಂತು. ಬಂದದ್ದು ಎಣ್ಣೆಗಪ್ಪೊಂದೇ ಅಲ್ಲ, ಅದು ಈವರೆಗೆ ಊರೂರಲ್ಲಿ ತಿಂದ ಬಣ್ಣವೆಲ್ಲ ಒಟ್ಟಿಗೇ ಬಂತು. ನೇರವಾಗಿ ಓರಣಸಿದ್ಧನ ಬಿಳಿ ನಿಲುವಂಗಿಯ ಮೇಲೆ! ಅವನ ಮಂತ್ರವೆಲ್ಲ ಇದ್ದದ್ದು ಆ ಬಿಳುಪಿನಲ್ಲೇ. “ಕಲೆ! ಕಲೆ!” ಎಂದು ಬಡಕೊಳ್ಳುತ್ತ ಹೊಳೆಯ ಕಡೆ ಓಡಿದವನು ಮತ್ತೆ ತಿರುಗಿ ಬರಲಿಲ್ಲ. ಇನ್ನೂ ಒಗೆಯುತ್ತಿದ್ದಾನಂತೆ.

ರುಮಾಲಿನ ಕೆಳಗೆ ಕರಿಯಣ್ಣನ ಮುಖ ಮಿರಮಿರ ಮೂಡಿತು. ಹೊನ್ನಿ ಎರಡೂ ಕೈಯಲ್ಲಿ ಅದನ್ನು ಹಿಡಿದು ನೋಡಿದಳು, ಸಾಲದೆಂದು ಮತ್ತೆ ನೋಡಿದಳು. “ಹೊನ್ನೀ!” ಎಂದ ಕರಿಯಣ್ಣ. ಏಳು ಬೆಟ್ಟಕ್ಕೂ ಕೇಳಿಸಿತು. ಹೊನ್ನಿಗೆ ನಾಚಿಕೆಯಾಯಿತು, ಆದರೂ ಇನ್ನೊಂದು ಸಲ ಕೂಗಲಿ ಅನ್ನಿಸಿತು.

ಆಮೇಲೆ ಎಲ್ಲರೂ ಸುಖವಾಗಿದ್ದರು. ಆಡು ಹೊನ್ನಿಯ ಹಟ್ಟಿ ಸೇರಿ ಬರೀ ಸೊಪ್ಪು ತಿಂದುಕೊಂಡಿತ್ತು. ಪೆಟ್ಟಿಗೆಯ ಮುಚ್ಚಳ ಮುಚ್ಚಲೇ ಇಲ್ಲ, ಮುಚ್ಚಿ ಅಂತ ಯಾರೂ ಹೇಳಲೂ ಇಲ್ಲ. ಮುಂದೆ ಹೊನ್ನಿಗೆ ಹೆಣ್ಣುಮಗು ಹುಟ್ಟಿತು. ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ, ಏನನ್ನಬೇಕೋ ತಿಳಿಯದೆ, “ಗೋಧಿ ಬಣ್ಣ...” ಎಂದು ರಾಗ ಎಳೆದರು.

“ಕಣ್ಣು ಬಿಟ್ಟು ನೋಡ್ರೇ!” ಎಂದು ಗದರಿದಳು ಸಾಕಮ್ಮ. “ಎಣ್ಣೆಗಪ್ಪು, ನನ್ನ ಮೊಮ್ಮಗಳು! ಕರಿಯಾ, ತಮಟೆ ತಗೊಂಡು ಹೋಗಿ ಊರಿಗೆಲ್ಲ ಸಾರಿ ಬಾರೋ!”